ಅರ್ಬುದರೋಗಿಗಳ ಸ್ವಭಾವವೂ ಚಿತ್ತಸ್ವಾಸ್ಥ್ಯವೂ

ಲ್ಯಾಟಿನ್ ಭಾಷೆಯಲ್ಲಿ ಕ್ಯಾನ್ಸರ್ ಎಂದರೆ ಏಡಿ. ರೋಗಕ್ಕೆ ಈ ಪ್ರಾಣಿಯ ಹೆಸರನ್ನು ಮೊದಲು ಕೊಟ್ಟವರು ಗ್ರೀಕ್ ವೈದ್ಯರು. ಹಿಪಾಕ್ರಟೀಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರಂಥಗಳಲ್ಲಿ ಇದಕ್ಕೆ ಕಾರ್ಕಿನೋಸ್ ಎಂಬ ಸಂಜ್ಞೆಯಿದೆ. ಆ ಶಬ್ದವೂ ನಮ್ಮ ಕರ್ಕಟ ಶಬ್ದವೂ ಸಗೋತ್ರವೆಂದು ಭಾಷಾಶಾಸ್ತ್ರಜ್ಞರು ಎಣಿಸುವರು. ಕನ್ನಡದ ಏಡಿಗಂತಿ ಎಂಬ ಮಾತಿನಲ್ಲಿಯೂ ಅದೇ ಏಡಿ ಕುಳಿತಿದೆ. ಸಂಸ್ಕೃತಾಭಿಮಾನಿಗಳು ಅರ್ಬುದವೆನ್ನುವರು. ಸುಶ್ರುತನು ನಿದಾನಸ್ಥಾನದಲ್ಲಿ ವರ್ಣಿಸಿರುವ ಅರ್ಬುದವು ದುಂಡಗೆ, ಗಟ್ಟಿಯಾಗಿ, ಮೆಲ್ಲನೆ ಬೆಳೆಯುವ, ಕೀವುಗಟ್ಟದ ಮಾಂಸದ ಗಂಟು. ಅದರ ಎಲ್ಲ ಭೇದಗಳೂ ಇಂದಿನ ವೈದ್ಯರು ಹೇಳುವ ಕ್ಯಾನ್ಸರಲ್ಲ, ಕ್ಯಾನ್ಸರಿನ ಎಲ್ಲ ಭೇದಗಳೂ ಅದರಲ್ಲಿ ಅಡಗುವುದೂ ಇಲ್ಲ. ಆದರೂ ರೂಢಿಯು ಬಲವತ್ತರವಾದುದರಿಂದ ಈ ಲೇಖನದಲ್ಲಿ ಅದೇ ಶಬ್ದವನ್ನು ಇಟ್ಟುಕೊಂಡಿದ್ದೇನೆ.

ವೈದ್ಯನಲ್ಲದವನು ಈ ವಿಷಯಕ್ಕೆ ಕೈಹಾಕುವುದೇಕೆಂದು ವಾಚಕರು ಕೇಳಬಹುದು. ಕಾರಣವನ್ನು ಮರೆಮಾಚದೆ ಹೇಳಿಬಿಡುತ್ತೇನೆ. ಪಾಠಶಾಲೆಯಲ್ಲಿ ನನ್ನೊಡನೆ ಓದಿದ ಮಿತ್ರರೊಬ್ಬರಿಗೆ ಈ ರೋಗ ಬಂದಿತು. ನೋಡಲು ಹೋದ ನಾನು, ಅವರು ಮೊದಲಿನಿಂದಲೂ ಕೋಪವನ್ನು ನುಂಗಿಕೊಳ್ಳುವ ಜನವೆಂದೂ, ಒಳಗೆ ಇಟ್ಟುಕೊಂಡುದೇ ಹೀಗೆ ಗಂಟಾಯಿತೆಂದೂ, ಇನ್ನಾದರೂ ಧೈರ್ಯ ತಂದುಕೊಂಡರೆ ಗುಣವಾಗುವುದೆಂದೂ ಪುರಾಣ ಹೇಳುವ ಧಾಟಿಯಲ್ಲಿ ಹೇಳಿದೆ. ಅವರು ಸುಮ್ಮನೆ ಕೇಳಿದರು. ನಾನು ಎದ್ದು ಹೊರಡುವಾಗ, “ಹಾಗಾದರೆ ಇದನ್ನು ತಂದುಕೊಂಡವನೂ ನಾನೇ, ಹೋಗಲಾಡಿಸದಿದ್ದರೆ ತಪ್ಪೂ ನನ್ನದೇ, ಅಲ್ಲವೇನಯ್ಯಾ?” ಎಂದು ಕೇಳಿದರು. ತರ್ಕ ಓದಿದವನಾದ ನನಗೆ ಉತ್ತರ ಹೊಳೆಯಲಿಲ್ಲ. ನಾನು ಹೇಳಿದುದು ಪ್ರಮಾಣಸಿದ್ಧವೋ ಅಲ್ಲವೋ ಎಂಬುದನ್ನು ಆ ಮೇಲೆ ವಿಚಾರಿಸತೊಡಗಿದೆ. ಆ ವಿಚಾರದ ಫಲವೇ ಈ ಲೇಖನ.

ಮೊದಲು ಪ್ರಶ್ನೆಯನ್ನು ಬಿಡಿಸಿಕೊಳ್ಳಬೇಕು. ಮನುಷ್ಯನ ಸ್ವಭಾವದಿಂದ ಅರ್ಬುದವು ಹುಟ್ಟುವುದೇ ಎಂಬುದು ಒಂದು. ಹುಟ್ಟಿದ ಮೇಲೆ ರೋಗಿಯು ಎಷ್ಟು ಕಾಲ ಬದುಕುವನೆಂಬುದನ್ನು ಸ್ವಭಾವವು ನಿರ್ಣಯಿಸುವುದೇ ಎಂಬುದು ಇನ್ನೊಂದು. ಬದುಕಿರುವಷ್ಟು ಕಾಲ ಅವನ ಚಿತ್ತಕ್ಕೆ ನೆಮ್ಮದಿಯಿರುವುದೋ ಇಲ್ಲವೋ ಎಂಬುದಕ್ಕೂ ಸ್ವಭಾವಕ್ಕೂ ಏನು ಸಂಬಂಧ ಎಂಬುದು ಮೂರನೆಯದು. ಲೋಕದಲ್ಲಿ ಈ ಮೂರನ್ನೂ ಕಲಸಿ ಒಂದೇ ಮುದ್ದೆ ಮಾಡಿ ಮಾತನಾಡುವುದು ವಾಡಿಕೆ. ನಾನು ಮಾಡಿದ ಅಪರಾಧವೂ ಅದೇ.

ಸ್ವಭಾವವೆಂಬ ಮಾತೂ ಸ್ವಲ್ಪ ವಿವರಣೆಯನ್ನು ಬೇಡುತ್ತದೆ. ಅಲಂಕಾರಶಾಸ್ತ್ರವನ್ನು ಪಾಠ ಹೇಳುವವರಿಗೆ ಭರತನ ಮೂವತ್ತಮೂರು ವ್ಯಭಿಚಾರಿಭಾವಗಳು ಕರತಲಾಮಲಕ. ಶಂಕೆ, ಚಿಂತೆ, ದೈನ್ಯ, ವಿಷಾದ, ಧೃತಿ, ತ್ರಾಸ ಮೊದಲಾದ ಇವು ಬಂದು ಹೋಗುವ ಅಲೆಗಳು. ಸ್ವಭಾವವಾದರೋ ಇಂಥ ಅಲೆಗಳು ಯಾರಲ್ಲಿ ಹೆಚ್ಚಾಗಿ ಏಳುತ್ತವೆ, ಯಾರಲ್ಲಿ ಬೇಗನೆ ಇಳಿಯುತ್ತವೆ ಎಂಬ ನೆಲದ ಗುಣ. ಇದಕ್ಕೆ ಸ್ಥಾಯಿಭಾವವೆಂಬ ಹೆಸರು ಸಲ್ಲದು. ಆಯುರ್ವೇದದ ಪ್ರಕೃತಿ ಎಂಬ ಶಬ್ದವು ಹೆಚ್ಚು ಹೊಂದುವುದು. ಚರಕನು ಶಾರೀರಸ್ಥಾನದಲ್ಲಿ ಸಾತ್ತ್ವಿಕವಾದ ಏಳು, ರಾಜಸವಾದ ಆರು, ತಾಮಸವಾದ ಮೂರು, ಅಂತು ಹದಿನಾರು ಮನಃಪ್ರಕೃತಿಗಳನ್ನು ಹೇಳಿದ್ದಾನೆ. ಇಂದಿನ ಮನಶ್ಶಾಸ್ತ್ರಜ್ಞರು ಬಹುಮಟ್ಟಿಗೆ ಐದು ಗುಣಗಳಿಂದ ಅಳೆಯುವರು. ಅವುಗಳಲ್ಲಿ ನಮಗೆ ಮುಖ್ಯವಾದವು ಬಹಿರ್ಮುಖತೆ, ಮತ್ತು ಸಣ್ಣ ಕಾರಣಕ್ಕೂ ಮನಸ್ಸು ಕಲಕಿಹೋಗುವ ಉದ್ವೇಗಶೀಲತೆ.

ಈಗ ಪೂರ್ವಪಕ್ಷ. ಅದು ಬಹಳ ಹಳೆಯದು. ಕ್ರಿ. ಶ. ಎರಡನೆಯ ಶತಮಾನದ ಗ್ಯಾಲೆನ್ನನು ಕರಿಯ ಪಿತ್ತವು ಕೆಟ್ಟು ಒಂದೆಡೆ ನಿಂತರೆ ಅರ್ಬುದವಾಗುವುದೆಂದನು. ಅದೇ ಕರಿಯ ಪಿತ್ತವು ಹೆಚ್ಚಿದವನು ವಿಷಾದಸ್ವಭಾವದವನೆಂಬುದೂ ಆ ಶಾಸ್ತ್ರದ ಮತ. ಮೆಲಂಕೊಲಿಯಾ ಎಂಬ ಗ್ರೀಕ್ ಶಬ್ದದ ಅವಯವಾರ್ಥವೇ ಕರಿಯ ಪಿತ್ತ. ಹೀಗೆ ದುಃಖಶೀಲತೆಯೂ ಅರ್ಬುದವೂ ಒಂದೇ ಬೇರಿನ ಎರಡು ಕೊಂಬೆಗಳೆಂಬ ಭಾವನೆ ನೆಲೆಯೂರಿತು. ಪಿತ್ತದ ಶಾಸ್ತ್ರವು ಬಿದ್ದುಹೋದರೂ ಭಾವನೆಯು ಬೀಳಲಿಲ್ಲ. ೧೯೭೫ರಲ್ಲಿ ಲಂಡನ್ನಿನಲ್ಲಿ ಗ್ರಿಯರ್ ಮತ್ತು ಮಾರಿಸ್ ಎಂಬವರು ಸ್ತನಾರ್ಬುದವಿದ್ದ ಸ್ತ್ರೀಯರಲ್ಲಿ ಕೋಪವನ್ನು ಅತಿಯಾಗಿ ಅದುಮಿಕೊಳ್ಳುವ ಶೀಲವು ಹೆಚ್ಚೆಂದು ಬರೆದರು. ೧೯೮೦ರ ದಶಕದಲ್ಲಿ ಅಮೆರಿಕದ ಲಿಡಿಯಾ ಟೆಮೊಶಾಕ್ ಎಂಬ ವಿದುಷಿಯು ಚರ್ಮದ ಮೆಲನೋಮವೆಂಬ ಅರ್ಬುದವಿದ್ದವರನ್ನು ಪರೀಕ್ಷಿಸಿ, ತಾಳ್ಮೆಯುಳ್ಳ, ಎಲ್ಲರಿಗೂ ಒಪ್ಪುವಂತೆ ನಡೆಯುವ, ತನ್ನ ನೋವನ್ನು ಆಡದ ಒಂದು ಜಾತಿಯ ಸ್ವಭಾವಕ್ಕೆ ‘ಸಿ’ ವರ್ಗವೆಂದು ಹೆಸರಿಟ್ಟಳು. ಇವೆಲ್ಲಕ್ಕಿಂತ ದೊಡ್ಡ ಸದ್ದು ಮಾಡಿದುದು ಗ್ರಾಸಾರ್ಟ್-ಮಾಟಿಸೆಕ್ ಎಂಬವನು ಪ್ರಸಿದ್ಧ ಮನಶ್ಶಾಸ್ತ್ರಜ್ಞನಾದ ಐಸೆಂಕನೊಡನೆ ಪ್ರಕಟಿಸಿದ ಲೇಖನಮಾಲೆ. ಅದರ ಪ್ರಕಾರ ಒಂದು ಬಗೆಯ ಸ್ವಭಾವದವರು ಮಿಕ್ಕವರಿಗಿಂತ ನೂರು ಮಡಿಗೂ ಮಿಕ್ಕು ಅರ್ಬುದದಿಂದ ಸಾಯುವರು!

ನಮ್ಮಲ್ಲಿಯೂ ಈ ಪಕ್ಷಕ್ಕೆ ಬೆಂಬಲವಿದೆಯೆಂದು ತೋರಬಹುದು. ಚರಕನು ಸೂತ್ರಸ್ಥಾನದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಯಾವ ಯಾವ ಕೆಲಸಕ್ಕೆ ಯಾವುದು ಮುಖ್ಯವೆಂದು ಪಟ್ಟಿಮಾಡುತ್ತ, ರೋಗವನ್ನು ಹೆಚ್ಚಿಸುವವುಗಳಲ್ಲಿ ವಿಷಾದವು ಮೊದಲನೆಯದೆಂದಿದ್ದಾನೆ. ಶಾತಾತಪಾದಿಗಳ ಕರ್ಮವಿಪಾಕ ಪ್ರಕರಣಗಳಲ್ಲಂತೂ ಒಂದೊಂದು ರೋಗಕ್ಕೆ ಒಂದೊಂದು ಪಾಪವನ್ನು ಗಂಟುಹಾಕಿರುವುದನ್ನು ಬಲ್ಲೆವು. ಆದರೆ ಚರಕನ ಮಾತನ್ನು ನೋಡಿ ಓದಬೇಕು. ಆತನು ಹೇಳುವುದು ವರ್ಧನವನ್ನು, ಉತ್ಪಾದನವನ್ನಲ್ಲ. ಇತ್ತ ಸುಶ್ರುತನು ಅರ್ಬುದದ ನಿದಾನವನ್ನು ಹೇಳುವಾಗ ದೋಷಗಳನ್ನೂ, ರಕ್ತಮಾಂಸಮೇದಸ್ಸುಗಳನ್ನೂ, ಗುದ್ದು ಮೊದಲಾದ ಪೆಟ್ಟುಗಳನ್ನೂ ಹೇಳಿದನೇ ಹೊರತು ಶೋಕಕ್ರೋಧಗಳ ಹೆಸರೆತ್ತಲಿಲ್ಲ. ಪ್ರಾಚೀನರೆಲ್ಲರೂ ರೋಗಕ್ಕೆ ಮನಸ್ಸನ್ನೇ ಹೊಣೆಮಾಡಿದರೆಂಬುದು ನಾವು ಅವರ ಮೇಲೆ ಹೊರಿಸುವ ಮಾತು.

ಪೂರ್ವಪಕ್ಷದ ಹೇತುವಿನಲ್ಲಿ ದೋಷವೆಲ್ಲಿದೆ? ತರ್ಕಶಾಸ್ತ್ರದಲ್ಲಿ ಉಪಾಧಿಯೆಂಬುದೊಂದುಂಟು. ಬೆಂಕಿಯಿರುವಲ್ಲೆಲ್ಲ ಹೊಗೆಯಿರುವುದೆಂದು ಹೇಳಿದರೆ, ಕಾದ ಕಬ್ಬಿಣದ ಗುಂಡಿನಲ್ಲಿ ಅದು ತಪ್ಪುವುದು; ಹೊಗೆಗೆ ಹಸಿಯ ಸೌದೆಯ ಸಂಯೋಗವೇ ನಿಮಿತ್ತ. ಸ್ವಭಾವಕ್ಕೂ ಅರ್ಬುದಕ್ಕೂ ಸಂಬಂಧ ಕಂಡಂತಿರುವಲ್ಲಿ ಹೀಗೆಯೇ ಹಸಿಯ ಸೌದೆಯನ್ನು ಹುಡುಕಬೇಕು. ಚಿಂತೆಯ ಸ್ವಭಾವದವನು ಹೊಗೆಬತ್ತಿಯನ್ನು ಹೆಚ್ಚಾಗಿ ಸೇದುತ್ತಿದ್ದರೆ ಶ್ವಾಸಕೋಶದ ಅರ್ಬುದಕ್ಕೆ ಕಾರಣ ಹೊಗೆಬತ್ತಿ; ಚಿಂತೆಯು ಕುಂಬಾರನ ಮಡಕೆಗೆ ಮಣ್ಣು ಹೊತ್ತ ಕತ್ತೆಯಂತೆ ಅನ್ಯಥಾಸಿದ್ಧ. ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಹಳೆಯ ಪರೀಕ್ಷೆಗಳಲ್ಲಿ ಬಹುಪಾಲು ರೋಗಿಗಳನ್ನು ಪ್ರಶ್ನಿಸಿದುದು ರೋಗವು ಬಂದ ಮೇಲೆ, ಇಲ್ಲವೆ ಬಂದಿದೆಯೆಂಬ ಶಂಕೆ ತಲೆದೋರಿದ ಮೇಲೆ. ಆಗ ಕಾಣುವ ಮೌನವು ಹುಟ್ಟುಗುಣವೋ, ರೋಗವೇ ತಂದ ಅಲೆಯೋ? ಭರತನ ಪಟ್ಟಿಯಲ್ಲಿ ಅವಹಿತ್ಥವೆಂಬ ಭಾವವೊಂದಿದೆ: ಲಜ್ಜೆ, ಭಯ, ಗೌರವ ಮೊದಲಾದುವುಗಳಿಂದ ಒಳಗಿನ ಭಾವದ ಹೊರಗುರುತನ್ನು ಮುಚ್ಚಿಕೊಳ್ಳುವುದು. ಭರತನು ಅದನ್ನು ಸಂಚಾರಿಗಳಲ್ಲಿ ಸೇರಿಸಿದನು. ವೈದ್ಯರ ಮುಂದೆ ಗೌರವದಿಂದಲೂ ಮಕ್ಕಳ ಮುಂದೆ ಅವರು ಹೆದರಿಯಾರೆಂಬ ಭಯದಿಂದಲೂ ಬಾಯಿ ಮುಚ್ಚಿಕೊಂಡ ರೋಗಿಯನ್ನು ಕಂಡು, ಇವನ ಪ್ರಕೃತಿಯೇ ಹೀಗೆ, ಆದಕಾರಣವೇ ರೋಗ ಬಂದಿತೆಂದರೆ, ಸಂಚಾರಿಯನ್ನು ಪ್ರಕೃತಿಯೆಂದೂ ಕಾರ್ಯವನ್ನು ಕಾರಣವೆಂದೂ ಭ್ರಮಿಸಿದಂತಾಯಿತು.

ಈ ದೋಷವನ್ನು ತಪ್ಪಿಸಬೇಕಾದರೆ ಆರೋಗ್ಯವಂತರನ್ನು ಮೊದಲೇ ಪ್ರಶ್ನಿಸಿ, ಆಮೇಲೆ ಎಷ್ಟೋ ವರ್ಷ ಕಾಯಬೇಕು. ಅದೂ ನಡೆದಿದೆ. ಸ್ವೀಡನ್ ಮತ್ತು ಫಿನ್ಲೆಂಡ್ ದೇಶಗಳಲ್ಲಿ ೧೯೭೦ರ ದಶಕದಲ್ಲಿ ಸ್ವಭಾವಪ್ರಶ್ನಾವಳಿಗೆ ಉತ್ತರ ಕೊಟ್ಟಿದ್ದ ೫೯,೫೪೮ ಜನರನ್ನು ಮೂವತ್ತು ವರ್ಷಗಳವರೆಗೂ ಗಮನಿಸಲಾಯಿತು. ಅವರಲ್ಲಿ ೪,೬೩೧ ಜನರಿಗೆ ಅರ್ಬುದವುಂಟಾಯಿತು. ಬಹಿರ್ಮುಖತೆಗಾಗಲಿ ಉದ್ವೇಗಶೀಲತೆಗಾಗಲಿ ಅರ್ಬುದದ ಉತ್ಪತ್ತಿಯೊಡನೆ ಸಂಬಂಧ ಕಾಣಲಿಲ್ಲವೆಂದು ೨೦೧೦ರಲ್ಲಿ ಪ್ರಕಟವಾದ ವರದಿಯು ಹೇಳುತ್ತದೆ. ಐಸೆಂಕನ ಲೇಖನಗಳ ಗತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಅವುಗಳ ವಿಷಯದಲ್ಲಿ ಮೊದಲಿನಿಂದ ಸಂದೇಹಗಳಿದ್ದವು. ೨೦೧೯ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ವಿಚಾರಣೆ ನಡೆಸಿ, ಆ ಇಬ್ಬರೂ ಸೇರಿ ಬರೆದ ಇಪ್ಪತ್ತಾರು ಲೇಖನಗಳು ನಂಬಲರ್ಹವಲ್ಲವೆಂದು ತೀರ್ಮಾನಿಸಿತು. ಐಸೆಂಕನು ಆ ಸಂಸ್ಥೆಗೆ ಸೇರಿದ್ದವನೇ. ತನ್ನ ಮನೆಯ ವಿದ್ವಾಂಸನ ಪಂಕ್ತಿಗಳನ್ನು ತಾನೇ ಹೊಡೆದುಹಾಕುವ ಈ ಧೈರ್ಯವನ್ನು ನಮ್ಮ ವಿದ್ವತ್ಪೀಠಗಳೂ ಕಲಿಯಬಹುದು.

ಎರಡನೆಯ ಪ್ರಶ್ನೆಯೂ ಹೆಚ್ಚು ಕಡಮೆ ಇದೇ ದಾರಿಯನ್ನು ಹಿಡಿದಿದೆ. ಗ್ರಿಯರನೂ ಅವನ ಸಂಗಡಿಗರೂ ೧೯೭೯ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಶಸ್ತ್ರಚಿಕಿತ್ಸೆಯಾದ ಮೂರು ತಿಂಗಳಿಗೆ ರೋಗದೊಡನೆ ಹೋರಾಡುವ ಛಲ ತೋರಿದವರೂ, ರೋಗವೇ ಇಲ್ಲವೆಂಬಂತೆ ನಡೆದವರೂ ಮಿಕ್ಕವರಿಗಿಂತ ಹೆಚ್ಚು ಬದುಕಿದರೆಂದು ಕಂಡಿತು. ಆದರೆ ಪರೀಕ್ಷೆಗೊಳಗಾದವರು ೬೯ ಜನ ಮಾತ್ರ. ಇದೇ ಗ್ರಿಯರನೂ ಸೇರಿ, ವಾಟ್ಸನ್ ಎಂಬಾಕೆಯ ನೇತೃತ್ವದಲ್ಲಿ ೫೭೮ ಸ್ತ್ರೀಯರನ್ನು ಪರೀಕ್ಷಿಸಿ ೧೯೯೯ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೋರಾಟದ ಛಲಕ್ಕೆ ಆಯುಸ್ಸನ್ನು ಹೆಚ್ಚಿಸುವ ಶಕ್ತಿ ಕಾಣಲಿಲ್ಲ. ಅಮೆರಿಕದಲ್ಲಿ ತಲೆ ಕುತ್ತಿಗೆಗಳ ಅರ್ಬುದವಿದ್ದ ೧,೦೯೩ ರೋಗಿಗಳ ಮನಸ್ಸಿನ ನೆಮ್ಮದಿಯನ್ನು ಅಳೆದು ೨೦೦೭ರಲ್ಲಿ ಹೊರಬಂದ ಲೆಕ್ಕದಲ್ಲಿಯೂ ನೆಮ್ಮದಿಯುಳ್ಳವರು ಹೆಚ್ಚು ಕಾಲ ಬದುಕಲಿಲ್ಲ, ಇಲ್ಲದವರು ಬೇಗ ಸಾಯಲೂ ಇಲ್ಲ. ಒಂದು ಶೇಷವುಂಟು, ಅದನ್ನು ಮುಚ್ಚಿಡಬಾರದು. ವಾಟ್ಸನ್ನಳ ಪರೀಕ್ಷೆಯಲ್ಲಿಯೇ, ಇನ್ನು ಏನೂ ಮಾಡಲಾಗದೆಂಬ ನಿರಾಶೆಯಲ್ಲಿ ಪೂರ್ತಿಯಾಗಿ ಮುಳುಗಿದವರ ಗತಿ ಸ್ವಲ್ಪ ಕೆಡುಕಾಗಿ ಕಂಡಿತು. ಖಿನ್ನತಾರೋಗಕ್ಕೂ ಮರಣಕ್ಕೂ ಸಂಬಂಧವಿದೆಯೆಂದು ಹೇಳುವ ಬೇರೆ ಲೆಕ್ಕಗಳೂ ಇವೆ. ಖಿನ್ನನಾದವನು ಔಷಧವನ್ನು ಬಿಡುವನು, ಊಟ ನಿದ್ರೆಗಳನ್ನು ಬಿಡುವನು; ಒಳಗೆ ಹೆಚ್ಚಾದ ರೋಗವೂ ಖಿನ್ನತೆಯನ್ನು ತರುವುದು. ಯಾವುದು ಬೀಜ, ಯಾವುದು ವೃಕ್ಷವೆಂಬುದು ಇನ್ನೂ ಬಿಡಿಸಿಲ್ಲ. ಚರಕನ ವಿಷಾದವಾಕ್ಯಕ್ಕೆ ಇಷ್ಟು ಮಾತ್ರ ಎಡೆಯಿದೆ. ಆದರೆ ಇದು ಚಿಕಿತ್ಸೆ ಮಾಡಬೇಕಾದ ಖಿನ್ನತೆಯ ಮಾತು, ಹುಟ್ಟುಗುಣದ ಮಾತಲ್ಲ. ಇದರಿಂದ ಧೈರ್ಯವೇ ಔಷಧವೆಂಬುದು ಸಿದ್ಧಿಸಲಾರದು.

ಮೂರನೆಯ ಪ್ರಶ್ನೆಗೆ ಬಂದರೆ ದೃಶ್ಯವು ಬೇರೆ. ಇಲ್ಲಿ ಸ್ವಭಾವವು ನಿಜವಾಗಿಯೂ ಕೆಲಸ ಮಾಡುವುದು. ಉದ್ವೇಗಶೀಲರಾದವರು ರೋಗದ ಸುದ್ದಿಯಿಂದಲೂ, ಚಿಕಿತ್ಸೆಯ ಕ್ಲೇಶದಿಂದಲೂ, ಗುಣವಾದ ಮೇಲೆ ಮರುಕಳಿಸೀತೆಂಬ ಭಯದಿಂದಲೂ ಮಿಕ್ಕವರಿಗಿಂತ ಹೆಚ್ಚು ಬೇಯುವರು. ೧೯೯೩ರಲ್ಲಿ ಅಮೆರಿಕದ ಕಾರ್ವರ್ ಮೊದಲಾದವರು ಪ್ರಕಟಿಸಿದ ಪರೀಕ್ಷೆಯೊಂದು ಚಿಕ್ಕದಾದರೂ ಸ್ವಾರಸ್ಯವುಳ್ಳದ್ದು. ಸ್ತನಾರ್ಬುದವು ಮೊದಲ ಹಂತದಲ್ಲಿದ್ದ ೫೯ ಸ್ತ್ರೀಯರನ್ನು ಶಸ್ತ್ರಚಿಕಿತ್ಸೆಗೆ ಮುಂಚಿನಿಂದ ಒಂದು ವರ್ಷದವರೆಗೆ ಮತ್ತೆ ಮತ್ತೆ ಪ್ರಶ್ನಿಸಿದರು. ಒಳ್ಳೆಯದಾದೀತೆಂಬ ನಿರೀಕ್ಷೆಯು ಸ್ವಭಾವದಲ್ಲಿಯೇ ಇದ್ದವರ ಸಂಕಟವು ಕಡಮೆಯಾಗಿತ್ತು. ಏಕೆಂದರೆ ಅವರು ಬಂದುದನ್ನು ಬಂದುದೆಂದು ಒಪ್ಪಿಕೊಂಡರು, ನಗೆಯಾಡಿದರು. ರೋಗವೇ ಇಲ್ಲವೆಂದು ನಟಿಸಿದವರಿಗೂ, ಎಲ್ಲವನ್ನೂ ಕೈಬಿಟ್ಟವರಿಗೂ ಸಂಕಟ ಹೆಚ್ಚಾಯಿತು. ಧೀರನೆಂದರೆ ಹಲ್ಲು ಕಚ್ಚಿ ಎದೆ ಸೆಟೆಸಿದವನೆಂದು ತಿಳಿಯುವ ನಮಗೆ ಈ ಒಪ್ಪಿಗೆಯೂ ನಗೆಯೂ ಸ್ವಲ್ಪ ಅನಿರೀಕ್ಷಿತ.

ಒಪ್ಪಿಗೆಯ ವಿಷಯದಲ್ಲಿ ಪಾಶ್ಚಾತ್ಯರ ಅಳತೆಗೋಲನ್ನು ಹಾಗೆಯೇ ತಂದು ನಮ್ಮ ಜನರ ಮೇಲಿಡುವುದು ಕ್ಷೇಮವಲ್ಲವೆಂದು ನನ್ನ ಅಭಿಪ್ರಾಯ. ಲಂಡನ್ನಿನವರು ೧೯೮೮ರಲ್ಲಿ ಮಾಡಿದ ಪ್ರಶ್ನಾವಳಿಯಲ್ಲಿ ರೋಗಿಯ ಮನೋವೃತ್ತಿಗಳನ್ನು ವಿಂಗಡಿಸುವಾಗ ಹೋರಾಟದ ಛಲವನ್ನು ಒಂದು ಕಡೆಗೂ ದೈವವಾದವನ್ನು ಇನ್ನೊಂದು ಕಡೆಗೂ ಇಟ್ಟರು. ನಮ್ಮ ಹಳ್ಳಿಯ ಮುದುಕಿಯು “ಹಣೇಲಿ ಬರೆದಿದ್ದು, ತಾಯಿ” ಎಂದು ಹೇಳಿ, ಮರುದಿನ ತಪ್ಪದೆ ಆಸ್ಪತ್ರೆಯ ಬಸ್ಸನ್ನು ಹತ್ತುವಳು. ಅವಳ ದೈವವಾದವು ಪ್ರಯತ್ನವನ್ನು ತಡೆಯಲಿಲ್ಲ; “ನನಗೇ ಏಕೆ?” ಎಂಬ ಉತ್ತರವಿಲ್ಲದ ಪ್ರಶ್ನೆಯನ್ನು ಮಾತ್ರ ತಡೆಯಿತು. ಇದನ್ನೇ ಇನ್ನೊಬ್ಬನು “ಹಣೆಬರಹ, ಇನ್ನೇತಕ್ಕೆ ಔಷಧ?” ಎಂಬ ಅರ್ಥದಲ್ಲಿ ಹೇಳಬಹುದು. ಶಬ್ದ ಒಂದೇ, ತಾತ್ಪರ್ಯ ಬೇರೆ. ತಾತ್ಪರ್ಯನಿರ್ಣಯವಿಲ್ಲದೆ ಶಬ್ದವನ್ನೆಣಿಸುವ ಪ್ರಶ್ನಾವಳಿಯು ಇವರಿಬ್ಬರಿಗೂ ಒಂದೇ ಅಂಕವನ್ನು ಕೊಟ್ಟೀತು.

ಸ್ವಭಾವವೇ ಎಲ್ಲವೂ ಅಲ್ಲ. ನೋವು ಶಮನವಾಗದಿದ್ದರೆ ಯಾವ ಸತ್ತ್ವವಂತನೂ ಕುಸಿಯುವನು. ಹಣದ ಚಿಂತೆ, ರೂಪಹಾನಿ, ಒಂಟಿತನಗಳೂ ಹಾಗೆಯೇ. ಖಿನ್ನತೆಯು ಒಂದು ರೋಗವೇ ಆಗಿ ಬರುವುದೂ ಅಪರೂಪವಲ್ಲ. ತೊಂಬತ್ತನಾಲ್ಕು ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೧ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಅರ್ಬುದಚಿಕಿತ್ಸೆಯಲ್ಲಿರುವವರ ಪೈಕಿ ನೂರಕ್ಕೆ ಸುಮಾರು ಹದಿನಾರು ಜನರಲ್ಲಿ ವೈದ್ಯರು ಗುರುತಿಸುವ ಖಿನ್ನತೆಯಿರುವುದು. ಅದಕ್ಕೆ ಔಷಧವೂ ಮಾತಿನ ಚಿಕಿತ್ಸೆಯೂ ಉಂಟು. ಅಂಥವರಿಗೆ “ಧೈರ್ಯವಾಗಿರು” ಎಂದು ಉಪದೇಶಿಸುವುದು ಕಾಲು ಮುರಿದವನಿಗೆ ನೆಟ್ಟಗೆ ನಡೆಯೆಂದಂತೆ. ನ್ಯೂಯಾರ್ಕಿನಲ್ಲಿ ಅರ್ಬುದರೋಗಿಗಳ ಮನೋವೈದ್ಯಕ್ಕೆ ಅಸ್ತಿಭಾರ ಹಾಕಿದ ಜಿಮ್ಮಿ ಹಾಲೆಂಡ್ (೧೯೨೮–೨೦೧೭) ಎಂಬಾಕೆಯು, ಸದಾ ಒಳ್ಳೆಯದನ್ನೇ ಯೋಚಿಸಬೇಕೆಂಬ ಒತ್ತಾಯವು ರೋಗಿಗಳ ಮೇಲೆ ನಡೆಯುವ ಒಂದು ದಬ್ಬಾಳಿಕೆಯೆಂದು ಬರೆದಳು. ಅಳು ಬಂದರೆ ರೋಗ ಹೆಚ್ಚೀತೆಂದು ಹೆದರಿ ಅಳುವನ್ನೂ ನುಂಗುವ ರೋಗಿಗಳಿರುವರಂತೆ. ನನ್ನಂಥ ಉಪದೇಶಕರು ಅವರಿಗೆ ಕೊಟ್ಟ ಕಾಣಿಕೆ ಅದು.

ಮಾತಿನ ಚಿಕಿತ್ಸೆಯ ಚರಿತ್ರೆಯೂ ಇದನ್ನೇ ತೋರಿಸುವುದು. ೧೯೮೯ರಲ್ಲಿ ಸ್ಪೀಗೆಲ್ ಎಂಬ ಅಮೆರಿಕದ ಮನೋವೈದ್ಯನು, ಮುಂದುವರಿದ ಸ್ತನಾರ್ಬುದವಿದ್ದ ೮೬ ಸ್ತ್ರೀಯರ ಪೈಕಿ, ವಾರಕ್ಕೊಮ್ಮೆ ಒಟ್ಟಿಗೆ ಕುಳಿತು ಸುಖದುಃಖ ಹೇಳಿಕೊಂಡವರು ಸರಾಸರಿಯಲ್ಲಿ ಇಮ್ಮಡಿ ಕಾಲ ಬದುಕಿದರೆಂದು ಪ್ರಕಟಿಸಿದನು. ಲೋಕವೆಲ್ಲ ಬೆರಗಾಯಿತು. ಕೆನಡಾದಲ್ಲಿ ೨೩೫ ಸ್ತ್ರೀಯರ ಮೇಲೆ ಮತ್ತೆ ಪರೀಕ್ಷಿಸಿದಾಗ (೨೦೦೧) ಆಯುಸ್ಸು ಹೆಚ್ಚಲಿಲ್ಲ. ೨೦೦೭ರಲ್ಲಿ ಸ್ಪೀಗೆಲನೇ ಪ್ರಕಟಿಸಿದ ಎರಡನೆಯ ಪರೀಕ್ಷೆಯಲ್ಲಿಯೂ ಒಟ್ಟಿನಲ್ಲಿ ಹೆಚ್ಚಲಿಲ್ಲ. ಆದರೆ ಕೆನಡಾದವರಲ್ಲಿ ಸಂಕಟವೂ ನೋವಿನ ಅನುಭವವೂ ಕಡಮೆಯಾದವು, ಅದರಲ್ಲಿಯೂ ಮೊದಲೇ ಹೆಚ್ಚು ಸಂಕಟಪಡುತ್ತಿದ್ದವರಿಗೆ. ಆಯುಸ್ಸನ್ನು ಹೆಚ್ಚಿಸದ ಮಾತಿಗೆ ಬೆಲೆಯಿಲ್ಲವೆಂದು ಯಾರು ಹೇಳಿಯಾರು?

ಇಲ್ಲಿ ಚರಕನ ಇನ್ನೊಂದು ಉಕ್ತಿಯು ನೆನಪಿಗೆ ಬರುವುದು. ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ರೋಗಿಯೂ ಒಂದು ಪಾದವೆಂದು ಹೇಳಿ ಆತನು ರೋಗಿಗೆ ನಾಲ್ಕು ಗುಣಗಳನ್ನು ಎಣಿಸಿದ್ದಾನೆ: ಸ್ಮೃತಿ, ಹೇಳಿದಂತೆ ನಡೆಯುವಿಕೆ, ಅಭೀರುತ್ವ, ಜ್ಞಾಪಕತ್ವ. ಕಡೆಯದರ ಅರ್ಥ ತನ್ನ ರೋಗವನ್ನು ವೈದ್ಯನಿಗೆ ತಿಳಿಯಹೇಳುವ ಶಕ್ತಿ. ಅಭೀರುತ್ವವನ್ನು ನಾವು ಎಲ್ಲರಿಗೂ ಬೋಧಿಸುವೆವು. ಜ್ಞಾಪಕತ್ವಕ್ಕೆ ಮಾತ್ರ ಅಡ್ಡಬರುವೆವು. ನಮ್ಮ ಎಷ್ಟೋ ಮನೆಗಳಲ್ಲಿ ರೋಗದ ಹೆಸರನ್ನು ರೋಗಿಗೆ ಹೇಳಬೇಡಿರೆಂದು ವೈದ್ಯರನ್ನು ಬೇಡಿಕೊಳ್ಳುವರು. ರೋಗಿಯು ಔಷಧದ ಚೀಟಿಯಿಂದಲೋ ವಾರ್ಡಿನ ಹಲಗೆಯಿಂದಲೋ ಅದನ್ನು ತಿಳಿದಿರುವನು, ಮನೆಯವರು ನೊಂದಾರೆಂದು ತಿಳಿಯದವನಂತೆ ಇರುವನು. ಎರಡು ಕಡೆಯೂ ಅವಹಿತ್ಥ. ಪ್ರೀತಿಯಿಂದಲೇ ಹುಟ್ಟಿದ ಈ ಮೌನದಲ್ಲಿ ಅವನ ಭಯವನ್ನು ಕೇಳುವವರೇ ಇಲ್ಲದಾಗುವರು.

ಸಾಹಿತ್ಯದ ಅಧ್ಯಾಪಕರಿಗೆ ಹತ್ತಿರವಾದ ಚಿಕಿತ್ಸಾಕ್ರಮವೊಂದನ್ನು ಹೇಳಿ ಮುಗಿಸುತ್ತೇನೆ. ಕೆನಡಾದ ಹಾರ್ವೆ ಚೊಚಿನೊವ್ ಎಂಬ ಮನೋವೈದ್ಯನು ಮರಣವು ಸಮೀಪಿಸಿದ ರೋಗಿಗಳ ಬಳಿ ಕುಳಿತು, ನಿಮ್ಮ ಬಾಳಿನಲ್ಲಿ ಯಾವುದು ಹೇಳತಕ್ಕದ್ದು, ಯಾರಿಗೆ ಏನು ತಿಳಿದಿರಬೇಕು ಎಂದು ಕೇಳಿ, ಅವರು ಹೇಳಿದುದನ್ನು ಬರೆಯಿಸಿ, ತಿದ್ದಿ, ಅವರಿಗೇ ಓದಿ ಕೇಳಿಸಿ, ಅವರು ಬಯಸಿದವರ ಕೈಗೆ ಸೇರುವಂತೆ ಆ ಬರಹವನ್ನು ಅವರಿಗೆ ಕೊಡುವ ಪದ್ಧತಿಯನ್ನು ಹಾಕಿದನು. ೨೦೦೫ರಲ್ಲಿ ಪ್ರಕಟವಾದ ನೂರು ರೋಗಿಗಳ ವರದಿಯಲ್ಲಿ ತೊಂಬತ್ತೊಂದು ಜನ ತೃಪ್ತಿಯನ್ನು ಹೇಳಿದರು. ೨೦೧೧ರ ದೊಡ್ಡ ಪರೀಕ್ಷೆಯಲ್ಲಿ ಸಂಕಟದ ಅಂಕಗಳು ಬೇರೆ ಚಿಕಿತ್ಸೆಯವರಿಗಿಂತ ಇಳಿಯಲಿಲ್ಲ. ಆದರೂ ಇದು ತಮಗೆ ಉಪಕಾರವಾಯಿತೆಂದು ರೋಗಿಗಳು ಹೇಳಿದರು.

ಇದನ್ನೋದಿದ ಮೇಲೆ ನಾನು ಒಂದು ನೋಟುಪುಸ್ತಕವನ್ನು ಹಿಡಿದುಕೊಂಡು ಮತ್ತೆ ಮಿತ್ರರ ಮನೆಗೆ ಹೋದೆ. ನಾಲ್ಕು ಮಧ್ಯಾಹ್ನ ಅವರು ಹೇಳಿದರು, ನಾನು ಬರೆದುಕೊಂಡೆ. ರೋಗದ ಮಾತು ಬಂದುದು ಕಡಮೆ. ಲಘುಕೌಮುದಿಯ ಪಾಠದಲ್ಲಿ ಗುರುಗಳಿಂದ ತಿಂದ ಏಟು, ತೀರಿಸದೆ ಉಳಿದಿದ್ದ ಒಂದು ಕೈಸಾಲ, ಸೊಸೆಗೆ ಒಮ್ಮೆ ಆಡಿದ ಬಿರುಸುಮಾತು ಇವೇ ಬಂದವು. ಸಾಲವನ್ನು ಯಾರಿಗೆ ಕೊಡಬೇಕೆಂಬುದನ್ನು ಎರಡು ಸಲ ಓದಿಸಿ ಕೇಳಿದರು.

ಆ ಪದ್ಧತಿಯ ಇಂಗ್ಲಿಷ್ ಹೆಸರು ಡಿಗ್ನಿಟಿ ಥೆರಪಿ. ಕನ್ನಡದಲ್ಲಿ ಘನತೆಯೆಂದರೆ ದೊಡ್ಡಸ್ತಿಕೆಯ ವಾಸನೆ ಬರುವುದು, ಗೌರವವೆಂದರೆ ಇತರರು ಕೊಡತಕ್ಕದ್ದಾಗುವುದು. ಮಾನವೆಂಬ ಶಬ್ದವು ನನಗೆ ಹಿಡಿಸಿದೆ: ಅದು ತನ್ನದೂ ಹೌದು, ಇತರರು ಕಾಯಬೇಕಾದುದೂ ಹೌದು, ಕಳೆದರೆ ಹೋಗುವುದೂ ಹೌದು. ಇದಕ್ಕಿಂತ ಒಪ್ಪುವ ಮಾತು ವಿದ್ವಾಂಸರಿಗೆ ಹೊಳೆದರೆ ಈ ಪತ್ರಿಕೆಯ ಮೂಲಕ ತಿಳಿಸಬೇಕಾಗಿ ಬೇಡುತ್ತೇನೆ.